ಬಿಸ್ಕತ್ತಿನಷ್ಟೇ ದಪ್ಪ

ಕಳೆದ ತಿಂಗಳು ಒಂದು ಬೆಳಿಗ್ಗೆ ಹೈದರಾಬಾದಿನ ಮಲ್ಕಾಜ್‌ಗಿರಿಯಿಂದ ಫೋನು ಬಂತು. ನಮ್ಮ ಸರ್ ತೀರಿಕೊಂಡರೆಂದು ಅವರ ಸೊಸೆ ಹೇಳಿದರು. ‘ಅಯ್ಯೋ’ ಅನ್ನುವುದಕ್ಕೂ ಮೊದಲು ನನ್ನ ಬಾಯಿಂದ ಬಂದ ಮಾತು, “ಎಷ್ಟು ಹೊತ್ತಿಗೆ?” ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸಾವಿನ ಮನೆಯವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ಆ ಕಡೆಯಿಂದ ಸೊಸೆ ಮೂಗೊರೆಸಿಕೊಂಡು, “ನೀವು ಮಾಮಾರ ಹತ್ರ ಕಲತವರೇ ಅಲ್ಲೇನ್ರಿ? ಅವರೂ ಯಾರ ಸುದ್ದಿ ಬಂದ್ರೂ ಮೊದಲ ಅದನ್ನ ಕೇಳತಿದ್ರು” ಅಂದರು. ಆಗ ನನಗೆ ಅಳು ಬಂತು.

ನಾನು ಹೈದರಾಬಾದಿನ ಒಂದು ಪ್ರಾಣಿರೋಗ ಪ್ರಯೋಗಾಲಯದಲ್ಲಿ ಅವರ ಕೈಕೆಳಗೆ ನಾಲ್ಕು ವರ್ಷ ಕೆಲಸ ಮಾಡಿದೆ. ಸತ್ತ ದನ, ಎಮ್ಮೆ, ಕುರಿಗಳ ಅಂಗಾಂಗಗಳ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅವು ಹೇಗೆ ಸತ್ತವು ಎಂದು ಹೇಳುವುದು ನಮ್ಮ ಕಸುಬು. ಊರ ಪಶ್ಚಿಮದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಯಾರನ್ನು ಕಂಡರೂ ಕಂಪ್ಯೂಟರ್ ಕೋರ್ಸಿನ ಮಾತು. ಇನ್ನು ನಾವೋ, ಚೂರುಗಳು ಕೊಳೆಯದಂತೆ ಮುಳುಗಿಸಿಡುವ ಫಾರ್ಮಾಲಿನ್ ವಾಸನೆ ಹೊಡೆಯುತ್ತ ಬಸ್ಸು ಹತ್ತಿದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಸರ್ ಮಾತ್ರ ಅದನ್ನು ಅನುಕೂಲವೆಂದೇ ತಿಳಿದಿದ್ದರು. “ಹೈದರಾಬಾದಿನ ಬಸ್ಸಿನ್ಯಾಗ ಕಾಲು ಚಾಚಿ ಕೂಡೋ ಭಾಗ್ಯ ಯಾರಿಗೈತಿ ಹೇಳ್ರಿ” ಅನ್ನುತ್ತಿದ್ದರು.

ಅವರದು ರಾಯಚೂರು ಕಡೆಯ ಮನೆತನ. ಅಜ್ಜನ ಕಾಲಕ್ಕೇ ಸರಕಾರಿ ನೌಕರಿಗೆಂದು ಇಲ್ಲಿಗೆ ಬಂದವರು. ಕಚೇರಿಯಲ್ಲಿ ತೆಲುಗು, ಜವಾನರ ಹತ್ತಿರ ದಖನಿ ಉರ್ದು, ಸಿಟ್ಟು ಬಂದಾಗ ಮತ್ತು ಊಟದ ಹೊತ್ತಿಗೆ ಕನ್ನಡ. ನಾನು ಬೀದರ್ ಕಡೆಯವಳೆಂದು ಗೊತ್ತಾದ ದಿನವೇ ನನ್ನ ಪಾಲಿಗೆ ಪೂರಾ ಕನ್ನಡವಾಯಿತು. ಮನಸ್ಸು ಸರಿಯಿದ್ದರೆ ನಾನು ‘ತಂಗಿ’. ಕೆಲಸ ಕೆಟ್ಟರೆ ‘ರೀ ಡಾಕ್ಟರೇ’. ಬಹುವಚನ ಬಂತೆಂದರೆ ಅಂದು ಬೈಗುಳವಿದೆ ಎಂದು ನಾನು ಮೊದಲೇ ಸಜ್ಜಾಗುತ್ತಿದ್ದೆ.

ಅವರಿಗೆ ಕತೆ ಕೇಳಿದರೆ ಆಗುತ್ತಿರಲಿಲ್ಲ. ಪ್ರಾಣಿ ತಂದವರು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ, “ಕತಿ ಆಮ್ಯಾಲ ಹೇಳ್ರಿ. ಮೊದಲ ಗಾಜು ನೋಡತೀನಿ” ಅನ್ನುವರು. ಗಾಜು ಅಂದರೆ ಸ್ಲೈಡು. ಕತೆ ಮೊದಲು ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ, ಹುಡುಕಿದ್ದು ಸಿಕ್ಕೇ ಸಿಗುತ್ತದೆ ಎಂಬುದು ಅವರ ಭಯ. ಆ ಭಯ ಎಷ್ಟು ನಿಜವೆಂದು ನಾನು ನನ್ನ ಕೈಯಾರೆ ತೋರಿಸಿಕೊಟ್ಟೆ. ಅದನ್ನು ಮುಂದೆ ಹೇಳುತ್ತೇನೆ.

ಪಾಠ ಹೇಳಲು ಅವರಿಗೆ ಕೊಠಡಿ ಬೇಕಿರಲಿಲ್ಲ. ನಮ್ಮ ಗೇಟಿನೆದುರಿನ ಇರಾನಿ ಹೋಟೆಲೇ ಸಾಕಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಅಲ್ಲಿ ಕೂರಿಸಿ ಚಹಾದ ಜೊತೆ ಒಂದು ಬಿಸ್ಕತ್ತು, ಒಂದು ಬನ್ನು ತರಿಸಿದರು. ಎರಡನ್ನೂ ಚಹಾದಲ್ಲಿ ಅದ್ದಿ, ಮನಸ್ಸಿನಲ್ಲೇ ಐದು ಎಣಿಸಿ, ಮುರಿದು ತೋರಿಸಿದರು. ಬಿಸ್ಕತ್ತು ನಡುವಿನ ತನಕ ನೆನೆದಿತ್ತು. ಬನ್ನಿನ ನಡುಭಾಗ ಒಣಗಿಯೇ ಇತ್ತು.

“ಫಾರ್ಮಾಲಿನ್ನೂ ಹಿಂಗ. ಹೊರಗಿಂದ ಒಳಗ ಹೋಗಬೇಕು, ಭಾಳ ಸಾವಕಾಶ ಹೋಗತೈತಿ. ತುಂಡು ಬಿಸ್ಕತ್ತಿನಷ್ಟ ದಪ್ಪ ಇರಬೇಕು. ಬನ್ನಿನಷ್ಟು ಹಾಕಿದ್ಯೋ, ನಡುವಿಂದು ಕೊಳೀತೈತಿ. ಆಮ್ಯಾಲ ಆ ಕೊಳೆತದ್ದನ್ನ ನೋಡಿ ನೀ ರೋಗ ಅಂತಿ.” ಹೀಗೆ ಹೇಳಿ ಬನ್ನನ್ನೂ ತಾವೇ ತಿಂದರು.

ಇನ್ನೊಂದು ದಿನ ಅದೇ ಮೇಜಿನ ಮೇಲೆ ಸಾವಿನ ಪಾಠ ನಡೆಯಿತು. ಜೀವಕೋಶಕ್ಕೆ ಪೆಟ್ಟು ಬಿದ್ದರೆ, ಅದು ವಿಷವಿರಲಿ, ಉಸಿರಿನ ಕೊರತೆಯಿರಲಿ, ಮೊದಲು ನೀರು ತುಂಬಿ ಊದಿಕೊಳ್ಳುತ್ತದೆ. ಪೆಟ್ಟು ಅಲ್ಲಿಗೇ ನಿಂತರೆ ನೀರಿಳಿದು ಮೊದಲಿನಂತಾಗುತ್ತದೆ. ನಿಲ್ಲದಿದ್ದರೆ ಒಂದು ಗೆರೆ ದಾಟುತ್ತದೆ. ದಾಟಿದ ಮೇಲೆ ಅದರ ನಡುವಿನ ಬೀಜ ಮಸಿಯ ಚುಕ್ಕೆಯಷ್ಟಾಗಿ ಮುದುಡುತ್ತದೆ, ಪುಡಿಯಾಗುತ್ತದೆ, ಕೊನೆಗೆ ಮಾಸಿ ಹೋಗುತ್ತದೆ. ಆ ಗೆರೆಯನ್ನು ಯಾರೂ ಕಂಡಿಲ್ಲ ಎಂದರು ಸರ್. ಗಾಜಿನಲ್ಲಿ ಕಾಣುವುದು ಗೆರೆಯ ಈಚೆ ಇದ್ದವು, ಆಚೆ ಹೋದವು, ಇಷ್ಟೇ.

“ಆದ್ರ ಪ್ರಾಣಿ ಸತ್ತ ಮ್ಯಾಲೂ ಜೀವಕೋಶ ಕೊಳೆತು ಹಿಂಗ ಕಾಣತಾವು. ಅದಕ್ಕ ಒಂದ ಪ್ರಶ್ನಿ ಕೇಳು. ಇದು ಸತ್ತದ್ದು ಯಾವಾಗ? ಮೈಯಾಗ ಜೀವ ಇದ್ದಾಗೋ, ಹೋದ ಮ್ಯಾಲೋ?”

“ಹ್ಯಾಂಗ ತಿಳೀತೈತಿ ಸರ?”

“ಜೀವ ಇದ್ದ ಮೈ ತನ್ನ ಸತ್ತ ಕಣದ ಸುತ್ತ ಬಂದು ನಿಲ್ಲತೈತಿ. ಬಿಳಿ ರಕ್ತಕಣ ಓಡಿ ಬರತಾವು, ಅಂಚು ಕೆಂಪಾಗತೈತಿ. ಜೀವ ಹೋದ ಮೈಯಾಗ ಯಾರು ಬರತಾರ? ಕೊಳೀತೈತಿ, ಅಷ್ಟ.” ಒಂದು ಗುಟುಕು ಚಹಾ ಕುಡಿದು ಸೇರಿಸಿದರು, “ಸಾವು ಒಮ್ಮೆಲೆ ಬಂದಿದ್ರ ಓಡಿ ಬರಾಕೂ ಪುರಸೊತ್ತು ಇರೂದಿಲ್ಲ. ಅದನ್ನೂ ನೆನಪಿಡು. ಕಂಡದ್ದನ್ನ ಬರಿ, ಕಾಣದ್ದನ್ನ ಬರೀಬ್ಯಾಡ.”

ಇಷ್ಟೆಲ್ಲ ಕಲಿಸಿಕೊಂಡವಳು ನಾನು. ಮೂರನೆಯ ವರ್ಷಕ್ಕೆ ನನಗೂ ಊರಿನ ಗಾಳಿ ತಾಗಿತು. ಅಮೆರಿಕದ ವೈದ್ಯರ ಮಾತನ್ನು ಕಿವಿಗೆ ಹಚ್ಚಿಕೊಂಡು ಕೇಳಿ ಕಂಪ್ಯೂಟರಿನಲ್ಲಿ ಟೈಪು ಮಾಡುವ ಕೆಲಸಕ್ಕೆ ನನ್ನ ಜೊತೆ ಓದಿದ ಇಬ್ಬರು ಸೇರಿದ್ದರು. ತಂಪು ಕೋಣೆ, ಕೈಗೆ ರಕ್ತವಿಲ್ಲ, ಮನೆಗೆ ಹೋದ ಕೂಡಲೇ ತಲೆಸ್ನಾನ ಬೇಕಿಲ್ಲ. ಅಮೀರ್‌ಪೇಟೆಯಲ್ಲಿ ಅದಕ್ಕೊಂದು ಕೋರ್ಸಿಗೆ ಸೇರಿದೆ. ಸರ್‌ಗೆ ಹೇಳಲಿಲ್ಲ.

ಒಂದು ಶನಿವಾರ ಮಾದಾಪುರದ ಆಚೆಯ ಡೇರಿಯೊಂದರಲ್ಲಿ ಐದು ಎಮ್ಮೆಗಳು ಸತ್ತಿವೆಯೆಂದು ಕರೆ ಬಂತು. ಮರಣೋತ್ತರ ಪರೀಕ್ಷೆಗೆ ನಾನೇ ಹೋದೆ. ಡೇರಿಯ ಯಜಮಾನ ನನ್ನನ್ನು ಜೀಪಿನಿಂದ ಇಳಿಯಗೊಡದೆ ಕತೆ ಶುರು ಮಾಡಿದ. ಆಳು ಸಾಬಣ್ಣ ಯಾದಗಿರಿ ಕಡೆಯವನು. ಹೆಂಡತಿಯ ಹೆರಿಗೆಯಾಗಿದೆ, ರಜೆ ಕೊಡಿ ಅಂದನಂತೆ. ಯಜಮಾನ ಕೊಡಲಿಲ್ಲವಂತೆ. ಮಾತಿಗೆ ಮಾತು ಬೆಳೆದು ಸಾಬಣ್ಣ ‘ನಿನ್ನ ಎಮ್ಮಿ ಸಾಯ್ಲಿ’ ಅಂದನಂತೆ. ಅದೇ ದಿನ ಒಂದು ಕಂಪನಿಯ ಕ್ಯಾಂಟೀನಿನಿಂದ ಉಳಿದ ಅನ್ನದ ಡ್ರಮ್ಮುಗಳನ್ನು ಆಟೋದಲ್ಲಿ ತಂದು ಎಮ್ಮೆಗಳಿಗೆ ಹಾಕಿದವನೂ ಸಾಬಣ್ಣನೇ. ಮರುದಿನದಿಂದ ಎಮ್ಮೆಗಳು ಬಿದ್ದವು. “ಅನ್ನದಲ್ಲಿ ವಿಷ ಕಲಸಿದ್ದಾನೆ, ನೀವು ಬರೆದುಕೊಟ್ಟರೆ ಸಾಕು” ಎಂದ.

ನಾನು ಕೈ ಎತ್ತಿ ಅವನ ಬಾಯಿ ಮುಚ್ಚಿಸಬೇಕಿತ್ತು. ಮುಚ್ಚಿಸಲಿಲ್ಲ, ಕುತೂಹಲದಿಂದಲೇ ಕೇಳಿದೆ. ಎಮ್ಮೆಯ ಹೊಟ್ಟೆ ಸೀಳಿದರೆ ತುಂಬ ಹುಳಿನಾತದ ಅನ್ನ. ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ಅಮೀರ್‌ಪೇಟೆಯಲ್ಲಿ ಪರೀಕ್ಷೆ. ಪಿತ್ತಜನಕಾಂಗದ, ಅಂದರೆ ಲಿವರಿನ, ಅಂಗೈ ದಪ್ಪದ ತುಂಡುಗಳನ್ನು ಸರಸರ ಕೊಯ್ದು ಜಾಡಿಗೆ ತುರುಕಿದೆ. ಹೊಟ್ಟೆಗೋಡೆಯದೂ ಒಂದು ಚೂರು ಹಾಕಿದೆ. ಕೈ ತೊಳೆದದ್ದೂ ಅರ್ಧಂಬರ್ಧ.

ಮುಂದಿನ ವಾರ ಜಾಡಿಯಿಂದ ಲಿವರ್ ತೆಗೆದು ಕೊಯ್ದಾಗ ಹೊರಗೆ ಬೂದುಬಣ್ಣ, ಗಟ್ಟಿ. ನಡುವೆ ಮೆತ್ತಗೆ, ಕೆಂಪು ಕೆಂಪು. ‘ರೋಗ ಇಲ್ಲೇ ಇದೆ’ ಎಂದುಕೊಂಡು ನಡುವಿನದೇ ಚೂರು ಆರಿಸಿದೆ. ಗಾಜು ತಯಾರಾಯಿತು. ನೋಡಿದರೆ ಜೀವಕೋಶಗಳೆಲ್ಲ ಸತ್ತಿವೆ, ಬೀಜಗಳೆಲ್ಲ ಮಾಸಿವೆ. ಯಜಮಾನ ಹೇಳಿದ ಕತೆಗೆ ಸರಿಹೊಂದಿತು. ‘ಲಿವರಿನ ಜೀವಕೋಶಗಳ ವ್ಯಾಪಕ ಸಾವು, ವಿಷಪ್ರಾಶನದ ಶಂಕೆ’ ಎಂದು ವರದಿ ಬರೆದೆ. ಸರ್ ಎಂದೂ ತಾವು ನೋಡದ ಗಾಜಿಗೆ ಸಹಿ ಹಾಕಿದವರಲ್ಲ. ಅಂದು ವರದಿಯನ್ನು ಕಣ್ಣಿನ ಹತ್ತಿರ ಹಿಡಿದು, “ನೀ ಸರಿ ನೋಡೀಯಲ್ಲ ತಂಗಿ?” ಅಂದರು. “ಹೌದ್ರಿ ಸರ” ಅಂದೆ. ಸಹಿ ಹಾಕಿದರು. ನನ್ನ ಮೇಲೆ ಭರವಸೆ ಬಂದಿದೆ ಎಂದು ಹಿಗ್ಗಿದೆ, ದಡ್ಡಿ.

ಎರಡು ದಿನ ಕಳೆದು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬ ಹೆಂಗಸು ಎಳೆಗೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಿದ್ದಳು. ಬಾಣಂತಿ. ಯಾದಗಿರಿಯಿಂದ ರಾತ್ರಿ ರೈಲಿಗೆ ಬಂದಿದ್ದಳು. ಅವಳೇ ಸಾಬಣ್ಣನ ಹೆಂಡತಿ ಭೀಮವ್ವ.

“ಇಲ್ಲಿಂದ ಬರದ ಚೀಟಿ ನೋಡಿ ನನ ಗಂಡನ್ನ ಒಯ್ದಾರ್ರೀ. ಇಸ ಹಾಕ್ಯಾನ ಅಂತಾರ. ಇವತ್ತ ಸಂಜಿ ಐದೂವರಿಗೆ ಜಡ್ಜನ ಮುಂದ ನಿಲ್ಲಸಿ ಜೇಲಿಗೆ ಹಾಕ್ತಾರಂತ. ಎಮ್ಮಿ ಸತ್ತಾಗ ಅವ ಫೋನಿನ್ಯಾಗ ಅತ್ತಾನ್ರೀ ಯವ್ವಾ. ಕೂಸಿನ್ನ ಇನ್ನಾ ನೋಡಿಲ್ಲ ಅವ.”

ಸರ್ ಬಾಗಿಲಲ್ಲಿ ನಿಂತಿದ್ದರು. ಕತೆ ಬೇಡವೆಂದು ಕೈ ಎತ್ತಲಿಲ್ಲ. ಎಲ್ಲ ಕೇಳಿಸಿಕೊಂಡು ಒಳಗೆ ಬಂದು, “ಆ ಗಾಜು ತರ್ರಿ” ಅಂದರು. ತಂದೆ. ಸೂಕ್ಷ್ಮದರ್ಶಕದ ಮುಂದೆ ಕೂತು ಗಾಜಿಟ್ಟು ತಿರುಪನ್ನು ಬಹಳ ಹೊತ್ತು ತಿರುಗಿಸಿದರು. “ಹ್ಞೂಂ” ಅಂದರು. ನಾನು ಪಕ್ಕದಿಂದ ಬಗ್ಗಿ ನೋಡಿದೆ. ಗಾಜಿನ ಚೀಟಿ ಕೆಳಮುಖವಾಗಿತ್ತು. ಗಾಜು ತಲೆಕೆಳಗಾಗಿದ್ದರೆ ದೊಡ್ಡ ಮಸೂರದಲ್ಲಿ ಏನೂ ಸ್ಪಷ್ಟವಾಗುವುದಿಲ್ಲ. ಅದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಸರ್ ಹ್ಞೂಂ ಅಂದಿದ್ದರು.

“ಸರ, ಗಾಜು ಮಗುಚೈತ್ರಿ” ಅಂದೆ, ಮೆಲ್ಲಗೆ.

ಅವರು ತಲೆಯೆತ್ತಲಿಲ್ಲ. “ಆರು ತಿಂಗಳಾತು. ಎರಡೂ ಕಣ್ಣಾಗ ಮಂಜು. ಮಾರ್ಚಿಗೆ ನಿವೃತ್ತಿ, ಅಲ್ಲೀತನ ನಡಿಸಿಬಿಡೂಣು ಅಂದಕೊಂಡೆ” ಅಂದರು. ಆಮೇಲೆ ಎದ್ದು ನಿಂತು ಕೇಳಿದರು, “ಜಾಡಿ ಎಲ್ಲೈತಿ?”

ಪ್ರಕರಣ ಮುಗಿದರೂ ಒಂದು ವರ್ಷ ಜಾಡಿ ಚೆಲ್ಲಬಾರದೆಂಬುದು ಅವರ ಕಟ್ಟಳೆ. ಕಪಾಟಿನಲ್ಲಿ ಜಾಗವಿಲ್ಲವೆಂದು ನಾವು ಎಷ್ಟು ಗೊಣಗಿದ್ದೆವೋ. ಆ ದಿನ ಜಾಡಿ ಅಲ್ಲೇ ಇತ್ತು. ಸರ್ ಮುಚ್ಚಳ ತೆಗೆದು ಮೂಸಿದರು. ಬರಿಗೈ ಹಾಕಿ ಲಿವರಿನ ತುಂಡೊಂದನ್ನು ತೆಗೆದು, ಬೆರಳಿನಲ್ಲಿ ಅಂಚು ಒತ್ತಿದರು, ನಡುವೆ ಒತ್ತಿದರು. ಹೆಬ್ಬೆರಳು ನಡುವಿನೊಳಕ್ಕೆ ಇಳಿಯಿತು. ಅವರ ಮುಖ ಕೆಂಪಾಗಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

“ರೀ ಡಾಕ್ಟರೇ. ಇದು ಬಿಸ್ಕತ್ತೋ, ಬನ್ನೋ?”

ಫಾರ್ಮಾಲಿನ್ ಮುಟ್ಟದೆ ಜಾಡಿಯಲ್ಲೇ ಕೊಳೆತದ್ದನ್ನು ವಿಷದಿಂದ ಸತ್ತದ್ದೆಂದು ಬರೆದಿದ್ದೆ. ಅದರ ಮೇಲೆ ಒಬ್ಬ ಮನುಷ್ಯ ಠಾಣೆಯ ಬೆಂಚಿನ ಮೇಲಿದ್ದ. ಹೊರಗೆ ಕೂಸು ಅಳುತ್ತಿತ್ತು. ನನಗೂ ಅಳಬೇಕೆನ್ನಿಸಿತು, ಆದರೆ ಸರ್ ಎದುರಿಗೆ ಅದಕ್ಕೂ ಧೈರ್ಯ ಬೇಕಿತ್ತು. “ಅಮೀರ್‌ಪೇಟೆ ಕ್ಲಾಸಿಗೆ ಹೊತ್ತಾಗಿತ್ರಿ” ಎಂದು ಸತ್ಯವನ್ನೇ ಹೇಳಿಬಿಟ್ಟೆ. ಅವರು ಗೋಡೆಯ ಗಡಿಯಾರದ ಹತ್ತಿರ ಹೋಗಿ ಮುಖವಿಟ್ಟು ನೋಡಿ, “ಹತ್ತೂವರಿ. ಊದೈತಿ, ಇನ್ನಾ ಸತ್ತಿಲ್ಲ. ಗೆರಿ ದಾಟಾಕ ಸಂಜೀತನ ಹೊತ್ತೈತಿ” ಅಂದರು.

ಆಮೇಲೆ ನಡೆದದ್ದೆಲ್ಲ ಓಟ. ಲಿವರಿನ ಹೊರ ಅಂಚಿನಿಂದ ತೆಳ್ಳನೆಯ ಚೂರು ಕೊಯ್ಯಲು ಹೇಳಿದರು. ಫಾರ್ಮಾಲಿನ್ ಅಲ್ಲಿಯವರೆಗಾದರೂ ಇಳಿದಿತ್ತು. ನಿಜಕ್ಕೂ ವಿಷ ಲಿವರನ್ನು ಕೊಂದಿದ್ದರೆ ಅಂಚೂ ಸತ್ತಿರಬೇಕು, ಅಂಚು ಸರಿಯಿದ್ದು ನಡು ಮಾತ್ರ ಹಾಳಾಗಿದ್ದರೆ ದೋಷ ನನ್ನ ಕತ್ತಿಯದು. “ಮತ್ತ ಹೊಟ್ಟಿಗೋಡಿ ಚೂರು?” ಅಂದರು.

“ಅದನ್ನ ನೋಡಿಲ್ರಿ ಸರ. ಅದರ ಒಳಪದರ ಸತ್ತ ಎರಡ ತಾಸಿಗೆ ಎಲ್ಲಾ ಎಮ್ಮಿಯಾಗೂ ಸುಲೀತೈತಿ ಅಂತ...”

“ಸುಲದ ಪದರ ಯಾರಿಗೆ ಬೇಕಾಗೇತಿ? ಅದರ ಕೆಳಗ ಯಾರರ ಬಂದು ನಿಂತಾರೇನು ನೋಡಬೇಕು. ಅನ್ನ ತಿಂದ ಎಮ್ಮಿ ಅದು.”

ಚೂರನ್ನು ಗಾಜಿಗೇರಿಸಲು ಮಾಮೂಲಾಗಿ ಎರಡು ದಿನ ಬೇಕು. ನಮ್ಮ ಟೆಕ್ನಿಶಿಯನ್ ಖಾದರ್ ಮಿಯಾ ಗಡ್ಡ ಕೆರೆದುಕೊಂಡು, “ಅಸಿಟೋನ್ ಮೇ ಡಾಲ್‌ಕೇ ಜಲ್ದೀ ಕರ್ತೂಂ ಸಾಬ್, ಚಾರ್ ಬಜೇ ತಕ್ ಹೋ ಜಾತಾ” ಅಂದ. ಅಸಿಟೋನಿನಲ್ಲಿ ಅದ್ದಿದರೆ ಬೇಗ ಆಗುತ್ತದೆಂದು ಅವನ ಲೆಕ್ಕ, ನಾಲ್ಕರವರೆಗೆ ಕಾಯುವುದಷ್ಟೇ ಉಳಿಯಿತು. ನಾನು ಚೂರುಗಳನ್ನು ಕರಗಿದ ಮೇಣದಲ್ಲಿಡುವ ಒಲೆಯಂಥ ಪೆಟ್ಟಿಗೆಯ ಮುಂದೆ ಕೂತೆ, ಎದ್ದೆ, ಕೂತೆ. ಕಾಯುತ್ತ ಇನ್ನೊಂದು ಹೆದರಿಕೆ ಹತ್ತಿತು. ಅಂಚೂ ಸತ್ತಿದ್ದರೆ? ಸಾಬಣ್ಣ ನಿಜಕ್ಕೂ ವಿಷ ಹಾಕಿದ್ದರೆ? ಭೀಮವ್ವನ ಮುಖ ನೋಡಿ ನಾನು ಆಗಲೇ ಇನ್ನೊಂದು ಕತೆಯನ್ನು ನಂಬಿಬಿಟ್ಟಿದ್ದೆ. ಸರ್ ಅವಳಿಗೆ ಹಾಲು ತರಿಸಿಕೊಟ್ಟರು. ಅವಳು “ಸಾಯೇಬ್ರ, ಬಿಡ್ತಾರಲ್ರೀ?” ಎಂದು ಕೇಳಿದಾಗ “ಗೊತ್ತಿಲ್ಲವಾ, ನೋಡಬೇಕು” ಅಂದರು. ಒಂದು ಸುಳ್ಳು ಸಮಾಧಾನ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಆಗ ನನಗೆ ಸಿಟ್ಟೇ ಬಂತು.

ನಾಲ್ಕೂ ಹತ್ತಕ್ಕೆ ಖಾದರ್ ಮಿಯಾ ಬಣ್ಣ ಒಣಗದ ಗಾಜುಗಳನ್ನು ತಂದ. ಸರ್ ಅವನನ್ನು ಒಳಕೋಣೆಗೆ ಕರೆದೊಯ್ದರು. ಹೊರಬಂದಾಗ ಅವರ ಕೈಯಲ್ಲಿ ನಾಲ್ಕು ಗಾಜುಗಳಿದ್ದವು. ನಾಲ್ಕರ ಚೀಟಿಯ ಮೇಲೂ ಕಾಗದ ಅಂಟಿಸಿತ್ತು.

“ಇದೇನ್ರಿ ಸರ? ನಾವು ಮಾಡಿಸಿದ್ದು ಎರಡ.”

“ಎರಡು ಇವತ್ತಿನವು, ಎರಡು ಹಳೇವು. ಯಾವುದು ಯಾವುದಂತ ನಿಮಗ ಹೇಳೂದಿಲ್ಲ. ನಿಮಗ ಈಗ ಆ ಹೆಂಗಸಿನ ಕತಿ ಗೊತ್ತೈತಿ. ಕಂಡದ್ದಷ್ಟ ಹೇಳ್ರಿ. ನಾ ಕೇಳತೀನಿ.”

ಗಡಿಯಾರ ಓಡುತ್ತಿದೆ, ಇವರಿಗೆ ಪರೀಕ್ಷೆ! ಕಿರುಚಬೇಕೆನ್ನಿಸಿತು. ಮೊದಲ ಗಾಜು ಸ್ಪಷ್ಟವಾಗುವುದಕ್ಕೇ ಒಂದು ನಿಮಿಷ ಹಿಡಿಯಿತು. ಸರ್ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದರು.

“ಲಿವರ್. ಜೀವಕೋಶ ಊದ್ಯಾವ, ಬೀಜ ಎಲ್ಲಾ ಸರಿ ಅದಾವ. ಸತ್ತಿಲ್ಲ.”

“ಮುಂದಿಂದು.”

“ಲಿವರ್. ಇಲ್ಲಿ ಸತ್ತಾವ್ರಿ. ಬೀಜ ಪುಡಿ ಆಗೇತಿ. ಸುತ್ತ ಬಿಳಿ ಕಣ ಬಂದಾವ, ಅಂಚು ಕೆಂಪೈತಿ. ಜೀವ ಇದ್ದಾಗಿನ ಸಾವು.” ಇದು ಆ ಎಮ್ಮೆಯದೇ ಆಗಿದ್ದರೆ ಸಾಬಣ್ಣನ ಕತೆ ಮುಗಿಯಿತು. ಆದರೂ ಕಂಡದ್ದನ್ನೇ ಹೇಳಿದ್ದೆ.

“ಮುಂದಿಂದು.”

“ಲಿವರ್. ಒಂದು ಅಂಚಿನ್ಯಾಗ ಎಲ್ಲಾ ಚೊಲೋ ಅದಾವ. ಒಳಗ ಹೋದಂಗ ಮಾಸಲಾಗತಾವ. ಯಾರೂ ಬಂದಿಲ್ಲ. ಬರೇ ಕೊಳೆತೈತಿ.”

ಸರ್ ಕಣ್ಣು ತೆರೆದರು.

ನಾಲ್ಕನೆಯದು ಹೊಟ್ಟೆಗೋಡೆ. ಅದನ್ನು ಮುಚ್ಚಿಡುವಂತೆಯೇ ಇರಲಿಲ್ಲ. ಮೇಲಿನ ಪದರ ಕಿತ್ತು ಹೋಗಿತ್ತು. ಉಳಿದಲ್ಲಿ ಸಣ್ಣ ಸಣ್ಣ ಗುಳ್ಳೆಗಳು. ಗುಳ್ಳೆಗಳ ಒಳಗೆ, ಕೆಳಗೆ, ಎಲ್ಲಿ ನೋಡಿದರೂ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದವು. “ಬಂದಾವ್ರಿ ಸರ! ಭಾಳ ಬಂದಾವ್ರಿ!” ಎಂದು ಕೂಗಿದ್ದು ಹೊರಗಿದ್ದ ಭೀಮವ್ವನಿಗೂ ಕೇಳಿಸಿರಬೇಕು. ಎಮ್ಮೆ ಬದುಕಿದ್ದಾಗಲೇ, ಹೊಟ್ಟೆಯಲ್ಲಿ ಅನ್ನ ಹುಳಿತು ಆಸಿಡ್ ಆಗಿ ಗೋಡೆಯನ್ನು ಸುಟ್ಟಿತ್ತು. ಬರೀ ಅನ್ನ. ಅಂದು ಕ್ಯಾಂಟೀನಿನಲ್ಲಿ ಏನೋ ಸಮಾರಂಭವಾಗಿ ದಿನದ ಎರಡು ಡ್ರಮ್ಮಿನ ಬದಲು ಏಳು ಡ್ರಮ್ಮು ಉಳಿದಿತ್ತಂತೆ. ಎಲ್ಲವನ್ನೂ ಹಾಕಿಸಿದವನು ಯಜಮಾನನೇ. ಅದನ್ನು ನಾವು ಆಮೇಲೆ ತಿಳಿದೆವು.

ಸರ್ ಕಾಗದಗಳನ್ನು ಕಿತ್ತರು. ಮೊದಲೆರಡು ಅವರ ಹಳೆಯ ಪಾಠದ ಗಾಜುಗಳು, ಅವರಿಗೆ ಬಾಯಿಪಾಠ. ಆಮೇಲೆ ಒಂದು ಹಾಳೆ ನನ್ನೆದುರಿಗಿಟ್ಟು ಪತ್ರ ಬರೆಸಿದರು. ಕಂಡದ್ದೆಲ್ಲ ಬರೆದಾದ ಮೇಲೆ, “ಮೊದಲ ವರದಿಗೆ ನಾನು ಗಾಜನ್ನು ನೋಡದೆ ಸಹಿ ಹಾಕಿದ್ದೇನೆ. ನನ್ನ ದೃಷ್ಟಿ ಮಂದವಾಗಿದೆ. ಅದನ್ನು ಮೇಲಿನವರಿಗೆ ತಿಳಿಸದೆ ಇದ್ದದ್ದು ನನ್ನ ತಪ್ಪು. ಈ ಗಾಜುಗಳನ್ನು ನನ್ನ ಸಹೋದ್ಯೋಗಿ ನೋಡಿ ಹೇಳಿದ್ದನ್ನು ನಾನು ಒಪ್ಪಿದ್ದೇನೆ” ಎಂದು ಹೇಳಿ ಬರೆಸಿದರು.

ನನ್ನ ಪೆನ್ನು ನಿಂತಿತು. “ಸರ, ದಪ್ಪ ಕೊಯ್ದಕಿ ನಾನು. ನನ್ನ ತಪ್ಪು ಬರಸ್ರಿ. ನಿಮ್ಮ ನಿವೃತ್ತಿ ಇನ್ನ ಮೂರ ತಿಂಗಳೈತಿ.”

“ನಿಮ್ಮ ತಪ್ಪು ನನಗ ಹೇಳಾಗೇತಿ. ಕಾಗದದ ಮ್ಯಾಲಿನ ಸಹಿ ನಂದು. ಬರೀರಿ, ಹೊತ್ತಾತು.”

ಆಟೋದಲ್ಲಿ ನಾನು, ಸರ್, ಕೂಸನ್ನೆತ್ತಿಕೊಂಡ ಭೀಮವ್ವ. ಮೇಲ್ಸೇತುವೆ ಕಟ್ಟುತ್ತಿದ್ದಲ್ಲಿ ಇಪ್ಪತ್ತು ನಿಮಿಷ ಅಲುಗಾಡದೆ ನಿಂತೆವು. ಠಾಣೆ ಮುಟ್ಟಿದಾಗ ಐದೂ ಕಾಲು, ಜೀಪು ಹೊರಡಲು ಸಿದ್ಧವಾಗಿತ್ತು. ಅದರೊಳಗೆ ಮಂಡಿಗೆ ತಲೆಯಿಟ್ಟುಕೊಂಡು ಒಬ್ಬ ಕೂತಿದ್ದ. ಇನ್‌ಸ್ಪೆಕ್ಟರು ಪತ್ರ ಓದಿ ನಕ್ಕರು. “ಏಂಟಂಡಿ ಡಾಕ್ಟರ್ ಗಾರೂ, ಮೊನ್ನ ವಿಷಂ, ಈರೋಜು ಅನ್ನಮಾ?” ಮೊನ್ನೆ ವಿಷ, ಇವತ್ತು ಅನ್ನವೇ? ಸರ್ ತೆಲುಗಿನಲ್ಲೇ, ದನಿಯೇರಿಸದೆ, ಮೊನ್ನೆಯದು ತಪ್ಪು, ಕೊನೆಯ ಪ್ಯಾರಾ ಓದಿ ಅಂದರು. ಇನ್‌ಸ್ಪೆಕ್ಟರು ಓದಿದರು. ತನ್ನ ತಪ್ಪನ್ನು ತಾನೇ ಸಹಿ ಹಾಕಿ ತಂದುಕೊಡುವ ಸರಕಾರಿ ನೌಕರನನ್ನು ಅವರು ಕಂಡಿರಲಿಕ್ಕಿಲ್ಲ. ಇನ್ನೊಮ್ಮೆ ಓದಿದರು. ನಂತರ ಒಳಗೆ ಹೋಗಿ ಯಾರಿಗೋ ಫೋನು ಮಾಡಿದರು. ಆರು ಗಂಟೆಗೆ ಸಾಬಣ್ಣ ಜೀಪಿನಿಂದಿಳಿದ. ಕರೆದಾಗ ಬರುತ್ತೇನೆಂದು ಹೆಬ್ಬೆಟ್ಟು ಒತ್ತಿ ಹೊರಬಂದು, ಮಸಿ ಹತ್ತಿದ ಬೆರಳನ್ನು ಅಂಗಿಗೆ ತಿಕ್ಕಿ ತಿಕ್ಕಿ ಒರೆಸಿ ಆಮೇಲೆ ಕೂಸನ್ನು ಮುಟ್ಟಿದ.

ಸರ್‌ಗೆ ಮೇಲಿನಿಂದ ಮೆಮೋ ಬಂತು. ವಿಚಾರಣೆ ನಡೆಯಿತು. ಕೊನೆಯ ಮೂರು ತಿಂಗಳು ಅವರನ್ನು ಸೂಕ್ಷ್ಮದರ್ಶಕದ ಕೋಣೆಯಿಂದ ತೆಗೆದು ಬಂದು ಹೋಗುವ ಕಾಗದ ನೋಂದಾಯಿಸುವ ಆವಕ ಜಾವಕದ ಮೇಜಿಗೆ ಹಾಕಿದರು. ಬೀಳ್ಕೊಡುಗೆಯ ದಿನ ಶಾಲಿಲ್ಲ, ಭಾಷಣವಿಲ್ಲ. ಖಾದರ್ ಮಿಯಾ ಒಂದು ಹೂವಿನ ಹಾರ ತಂದಿದ್ದ. ಅಮೀರ್‌ಪೇಟೆಯ ಕೋರ್ಸು ನಾನಾಗಲೇ ಬಿಟ್ಟಿದ್ದೆ, ಅದನ್ನು ಹೇಳಿದರೆ “ಅದು ನಿಮ್ಮ ಇಚ್ಛಾ, ಡಾಕ್ಟರೇ” ಅಂದರು. ಆ ಶುಕ್ರವಾರದಿಂದ ನಾನು ಬರೀ ಡಾಕ್ಟರೇ. ಒಂದು ಸಲವಾದರೂ ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ, ತಂಗಿ ಅನ್ನಲೂ ಇಲ್ಲ. ನನಗೆ ಅದು ಎಷ್ಟು ಸುಡುತ್ತಿತ್ತೆಂದು ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ರಸಾಯನ ಪರೀಕ್ಷೆಯ ವರದಿ ತಿಂಗಳುಗಟ್ಟಲೆ ತಡೆದು ಬಂತು. ವಿಷ ಪತ್ತೆಯಾಗಿಲ್ಲ ಎಂದಿತ್ತು. ನಾನು ಕುಣಿಯುತ್ತ ಸರ್ ಮನೆಗೆ ಫೋನು ಮಾಡಿದೆ. “ಸಿಕ್ಕಿಲ್ಲ ಅಂದ್ರ ಇದ್ದಿಲ್ಲ ಅಂತಲ್ರಿ ಡಾಕ್ಟರೇ” ಎಂದು ಫೋನಿಟ್ಟರು. ಆಗ ನನಗೊಂದು ಹೊಳೆಯಿತು. ಒಮ್ಮೆ ಮೋಸಹೋದ ನನ್ನ ಕಣ್ಣನ್ನೇ ನಂಬಿ ಅವರು ಎರಡನೆಯ ಸಲವೂ ಸಹಿ ಹಾಕಿದ್ದರು. ತಮ್ಮ ಕಣ್ಣಾರೆ ಅವರು ಅದನ್ನು ಇನ್ನೂ ಕಂಡಿರಲಿಲ್ಲ.

ಜೂನಿನಲ್ಲಿ ಒಂದು ಮಧ್ಯಾಹ್ನ ಅವರು ಹೇಳದೆ ಕೇಳದೆ ಪ್ರಯೋಗಾಲಯಕ್ಕೆ ಬಂದರು. ಎರಡೂ ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. “ಆ ಎರಡು ಗಾಜು ಅದಾವೇನ್ರಿ?” ಅಂದರು. ತಂದುಕೊಟ್ಟೆ. ಕನ್ನಡಕ ತೆಗೆದಿಟ್ಟು, ಗಾಜನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಚೀಟಿ ಮೇಲ್ಮುಖವಾಗಿದೆಯೆಂದು ಖಾತ್ರಿ ಮಾಡಿಕೊಂಡು ಕೂತರು. ಲಿವರಿನ ಗಾಜು ನೋಡಿದರು. ಹೊಟ್ಟೆಗೋಡೆಯದನ್ನು ಇಟ್ಟರು. ಹತ್ತು ನಿಮಿಷ ಕಳೆದಿರಬೇಕು. ತಿರುಪನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದರು. ನಾನು ಬೆನ್ನಿಗೆ ಗೋಡೆ ಹಚ್ಚಿ ನಿಂತಿದ್ದೆ. ಅವಸರಕ್ಕೆ, ಅಳುವ ಕೂಸಿನ ಮುಲಾಜಿಗೆ, ಅಂದು ನಾನು ಇಲ್ಲದ್ದನ್ನು ಕಂಡಿದ್ದರೆ?

ಸರ್ ತಲೆಯೆತ್ತಿದರು. ಗಾಜನ್ನು ತಾವೇ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಹೊಸ ಕಣ್ಣುಗಳಿಂದ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ನಡಿ ತಂಗಿ, ಚಾ ಕುಡಿಯೂಣು. ಎರಡು ಬಿಸ್ಕತ್ತು ಹೇಳು” ಅಂದರು.